ಬಸ್ಸಿನಿಂದ ಇಳಿದವಳು ನನ್ನ ಹೆಂಡತಿ

ರಾಜ್ಯದ ಕೈಗಾರಿಕೆ ಮತ್ತು ಉದ್ಯೋಗದ ಹೊಣೆ ಹೊತ್ತಿರುವ ಹಿರಿಯ ಅಧಿಕಾರಿಗಳಿಗೆ,

ಮಾನ್ಯರೇ,

ಸಾಕಿನಾಕಾದ ಕೈಗಾರಿಕಾ ವಸಾಹತಿನಲ್ಲಿ ತಾವು ರಿಬ್ಬನ್ ಕತ್ತರಿಸಿದ ಲಾಂಡ್ರಿ ಕಾರ್ಖಾನೆ ನನ್ನ ಕೆಲಸವನ್ನು ಕಿತ್ತುಕೊಂಡಿತು. ಅದೇ ಕಾರ್ಖಾನೆ ನನ್ನ ಹೆಂಡತಿಗೆ ಕೆಲಸ ಕೊಟ್ಟಿತು. ತಮ್ಮ ಇಲಾಖೆಯ ವರದಿಯಲ್ಲಿ ಎರಡನೆಯ ಸಂಗತಿ ದಪ್ಪ ಅಕ್ಷರದಲ್ಲಿದೆ, ಮೊದಲನೆಯದು ಎಲ್ಲಿಯೂ ಇಲ್ಲ. ಈ ಎರಡರ ನಡುವೆ ನಮ್ಮ ಮನೆಯಲ್ಲಿ ಏನೇನಾಯಿತು ಎಂದು ತಮಗೆ ತಿಳಿಸುವವರು ಯಾರೂ ಇದ್ದಂತಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ನಾನೇ ಹೇಳುತ್ತೇನೆ.

ಮುಂಬಯಿಯಲ್ಲಿ ಕೂತು ಕನ್ನಡದಲ್ಲಿ, ಅದೂ ಪತ್ರಿಕೆಯಲ್ಲಿ, ಯಾಕೆ ಬರೆಯುತ್ತಾನೆ ಈ ಮನುಷ್ಯ ಎಂದು ತಾವು ಕೇಳಬಹುದು. ಮರಾಠಿಯಲ್ಲಿ ಕೊಟ್ಟ ಅರ್ಜಿಗೆ ಉತ್ತರವೇ ಬರಲಿಲ್ಲ. ಹಿಂದಿಯಲ್ಲಿ ಕೊಟ್ಟದ್ದಕ್ಕೆ ತಮ್ಮ ಕಚೇರಿಯ ಕಿಟಕಿಯಲ್ಲಿ, ಅರ್ಜಿ ಮುಟ್ಟಿತೆಂಬ ಒಂದು ಸಿಕ್ಕಾ ಬಿತ್ತು. ವಕೀಲರೊಬ್ಬರನ್ನು ಹಿಡಿದು ಇಂಗ್ಲಿಷಿನಲ್ಲಿ ಬರೆಯಿಸಿದ್ದಕ್ಕೆ ಮಾತ್ರ, ಸೂಕ್ತ ಕ್ರಮಕ್ಕಾಗಿ ರವಾನಿಸಲಾಗಿದೆ ಎಂದು ಉತ್ತರ ಬಂತು. ಎಲ್ಲಿಗೆ ರವಾನೆಯಾಯಿತು ಎಂದು ಕೇಳಲು ಮತ್ತೊಂದು ಅರ್ಜಿ ಬೇಕಂತೆ. ಓದುವುದಿಲ್ಲ ಎಂದು ಖಾತ್ರಿಯಾದ ಮೇಲೆ ಯಾವ ಭಾಷೆಯಾದರೇನು? ಪಾಲಿಕೆಯ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತು, ಹಗಲು ಬಟ್ಟೆ ಒಗೆಯುತ್ತಲೇ ರಾತ್ರಿ ಹೈಸ್ಕೂಲಿನಲ್ಲಿ ಮೆಟ್ರಿಕ್ ಮುಗಿಸಿದವನು ನಾನು. ನನ್ನ ನಾಚಿಕೆಯನ್ನು ನನ್ನ ಭಾಷೆಯಲ್ಲಾದರೂ ಸರಿಯಾಗಿ ಹೇಳಬಲ್ಲೆ.

ನನ್ನ ಅಪ್ಪ ರಾಮಪ್ಪ ಇಂಡಿ ತಾಲೂಕಿನಿಂದ ಬಂದು ಸಾಂತಾಕ್ರೂಜ್‌ನ ಪೂರ್ವಕ್ಕೆ, ವಾಕೋಲಾದ ನಾಲೆಯ ಮಗ್ಗುಲಿಗಿದ್ದ ಧೋಬಿ ಘಾಟಿನಲ್ಲಿ ಒಂದು ಒಗೆಯುವ ಕಲ್ಲು ಹಿಡಿದ. ಅಪ್ಪನ ನಂತರ ಆ ಕಲ್ಲು ನನಗೆ ಬಂತು. ವಿಮಾನ ನಿಲ್ದಾಣದ ಸುತ್ತಲಿನ ಹೋಟೆಲುಗಳ ಚಾದರ, ಟವೆಲು, ಮೇಜಿನ ಬಟ್ಟೆಗಳೆಲ್ಲ ಗಂಟು ಗಂಟಾಗಿ ನಮ್ಮಲ್ಲಿಗೆ ಬರುತ್ತಿದ್ದವು. ಸೋಡಾ ಹಾಕಿ ಭಟ್ಟಿಯಲ್ಲಿ ಕುದಿಸುತ್ತಿದ್ದೆವು, ಕಲ್ಲಿಗೆ ಬಡಿಯುತ್ತಿದ್ದೆವು, ಹಗ್ಗಕ್ಕೆ ಹರವುತ್ತಿದ್ದೆವು. ಇದು ಸುಖದ ಕೆಲಸವಾಗಿತ್ತು ಎಂದು ನಾನು ಹೇಳಲಾರೆ. ಸೋಡಾಕ್ಕೆ ಬೆರಳ ಸಂದಿಯ ಚರ್ಮ ಸುಲಿಯುತ್ತಿತ್ತು. ನನ್ನ ಅವ್ವ ಬಸಲಿಂಗವ್ವ ಕೊನೆಯ ವರ್ಷಗಳಲ್ಲಿ ಬಲಗೈ ಎತ್ತಿ ತಲೆ ಬಾಚಿಕೊಳ್ಳಲೂ ಆಗದಂತಿದ್ದಳು. ಆದ್ದರಿಂದ ಯಂತ್ರದ ಮೇಲೆ ನನಗೆ ಹಗೆಯಿಲ್ಲ. ನನ್ನ ಅವ್ವನ ಕೈಯಿಂದ ಆ ಕಲ್ಲನ್ನು ಬಿಡಿಸಲು ಯಂತ್ರ ಬಂದಿದ್ದರೆ ನಾನೇ ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆಯುತ್ತಿದ್ದೆ. ಯಂತ್ರ ಬಂದದ್ದು ಕೈಯಿಂದ ಕಲ್ಲು ಬಿಡಿಸಲಿಕ್ಕಲ್ಲ, ಬಾಯಿಂದ ತುತ್ತು ಬಿಡಿಸಲಿಕ್ಕೆ.

ಸುದ್ದಿ ಹೇಳಿದವರು ಹೋಟೆಲೊಂದರಲ್ಲಿ ಬಟ್ಟೆಬರೆಯ ಉಸ್ತುವಾರಿ ನೋಡುವ ಅನಿಲಕುಮಾರರು. ಧಾರವಾಡದ ಕಡೆಯವರು, ಒಳ್ಳೆಯವರು. ಎಂದೂ ನಮ್ಮನ್ನು ಹಿಂದಿನ ಬಾಗಿಲಲ್ಲಿ ಕಾಯಿಸಿದವರಲ್ಲ. ಅಂದು ಅವರು ನನ್ನ ಮುಖ ನೋಡದೆ ಮಾತಾಡಿದರು.

"ದೇವಾನಂದ, ಮುಂದಿನ ವಾರದಿಂದ ಗಂಟು ಒಯ್ಯಾಕ ಬರಬ್ಯಾಡಪ್ಪ. ಮ್ಯಾನೇಜ್‌ಮೆಂಟ್‌ನವರು ಕಾರ್ಖಾನಿ ಜೋಡಿ ಕರಾರು ಮಾಡ್ಯಾರ."

"ನಮ್ಮ ಕೆಲಸದಾಗ ಏನರ ಕಸರು ಕಂಡಿತೇನ್ರಿ ಸಾಹೇಬ್ರ?"

"ಕಸರು ಇಲ್ಲೋ ಮಾರಾಯಾ. ಅವರ ಹತ್ರ ಸ್ವಚ್ಛತಾ ಸರ್ಟಿಫಿಕೇಟ್ ಐತಿ. ನಿಮ್ಮ ಹತ್ರ ಇಲ್ಲ. ನನ್ನ ಕೈಯಾಗ ಏನೂ ಉಳದಿಲ್ಲ."

ಒಂದಾದ ಮೇಲೊಂದು ಹೋಟೆಲು ಹಾಗೆಯೇ ಹೇಳಿತು. ಮಳೆಗಾಲ ಮುಗಿಯುವಷ್ಟರಲ್ಲಿ ಘಾಟಿನ ಹಗ್ಗಗಳ ಮೇಲೆ ನಮ್ಮ ನಮ್ಮ ಮನೆಯ ಬಟ್ಟೆಗಳು ಮಾತ್ರ ಒಣಗುತ್ತಿದ್ದವು.

ಆಗ ನಾವು ಸಮಿತಿ ಕಟ್ಟಿದೆವು. ನಾನು ಅಧ್ಯಕ್ಷ. ನನ್ನ ಪಕ್ಕದ ಕಲ್ಲಿನವನೂ ಚಿಕ್ಕಂದಿನ ಗೆಳೆಯನೂ ಆದ ಸಿದ್ದಲಿಂಗಪ್ಪ ಕಾರ್ಯದರ್ಶಿ. ಬಹಳ ಅಲೆದ ಮೇಲೆ ತಾವು ನಮ್ಮನ್ನು ಪರೇಲ್‌ನ ಸಭೆಗೆ ಕರೆದಿರಿ. ಹಿಂದೊಮ್ಮೆ ಗಿರಣಿಯಿದ್ದ ಜಾಗದಲ್ಲಿ ಎದ್ದ ಗಾಜಿನ ಕಟ್ಟಡದ ಮೇಲಿನ ಮಹಡಿ ಅದು. ಸೌಜನ್ಯದಿಂದ ಚಹಾ ಕೊಡಿಸಿದಿರಿ. ನಮ್ಮ ಮಾತು ಕೇಳಿ, ತಲೆದೂಗಿ, ಕಡೆಗೆ ಗೋಡೆಯ ಮೇಲೆ ಬಣ್ಣದ ಚಿತ್ರ ಮೂಡಿಸಿ ಹೇಳಿದಿರಿ: ಅಭಿವೃದ್ಧಿ ಹೊಂದುತ್ತಿರುವ ದೇಶದಲ್ಲಿ ಉದ್ಯೋಗ ನಾಶವಾಗುವುದಿಲ್ಲ, ವಲಯ ಬದಲಿಸುತ್ತದೆ. ಕೃಷಿಯಿಂದ ಕೈಗಾರಿಕೆಗೆ, ಕೈಗಾರಿಕೆಯಿಂದ ಸೇವೆಗೆ. ಇದು ಎಲ್ಲ ದೇಶಗಳೂ ಹತ್ತಿದ ಏಣಿ.

ಚಿತ್ರ ಚೆನ್ನಾಗಿತ್ತು. ಅದರಲ್ಲಿ ಬಾಣದ ಗುರುತುಗಳಿದ್ದವು. ಒಂದು ಬಾಣದ ಬುಡದಿಂದ ತುದಿಗೆ ಹೋಗಲು ಮನುಷ್ಯನಿಗೆ ಎಷ್ಟು ಕಾಲ ಹಿಡಿಯುತ್ತದೆ, ಆ ಕಾಲದಲ್ಲಿ ಅವನು ಏನು ಉಣ್ಣುತ್ತಾನೆ ಎಂದು ಮಾತ್ರ ಅದರಲ್ಲಿ ಬರೆದಿರಲಿಲ್ಲ. ಏಣಿ ಎಂದಿರಿ. ಏಣಿಯನ್ನು ಹತ್ತುವವರೂ ಉಂಟು, ಇಳಿಯುವವರೂ ಉಂಟಲ್ಲವೇ ಸ್ವಾಮಿ? ಊರಲ್ಲಿ ಇಡೀ ಹಳ್ಳಿಯ ಬಟ್ಟೆ ಒಗೆದು ಸುಗ್ಗಿಯಲ್ಲಿ ಕಾಳು ಪಡೆಯುತ್ತಿದ್ದ ನಮ್ಮ ಮಂದಿ ಕೃಷಿಯವರೇ, ಸೇವೆಯವರೇ? ಶಹರಕ್ಕೆ ಬಂದು ಭಟ್ಟಿ ಹಚ್ಚಿ ಹತ್ತು ಮಂದಿಗೆ ಕೆಲಸ ಕೊಟ್ಟ ನನ್ನ ಅಪ್ಪ ಕೈಗಾರಿಕೋದ್ಯಮಿಯೇ? ಹೌದಾಗಿದ್ದರೆ ಅವನಿಗೇಕೆ ತಮ್ಮ ಇಲಾಖೆ ಅರ್ಧ ಗುಂಟೆ ಜಾಗ ಕೊಡಲಿಲ್ಲ, ವಿದ್ಯುತ್ತಿನಲ್ಲಿ ರಿಯಾಯಿತಿ ಕೊಡಲಿಲ್ಲ? ಅದೇ ಯಂತ್ರದ ಚಿಕ್ಕದೊಂದನ್ನು ಘಾಟಿನ ಮಂದಿ ಕೂಡಿ ಇಟ್ಟುಕೊಳ್ಳುತ್ತೇವೆ, ಸಾಲಕ್ಕೆ ಜಾಮೀನು ನಿಲ್ಲಿ ಎಂದು ನಾವು ಕೇಳಿದಾಗ ತಾವು, ಅದು ತಮ್ಮ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ ಎಂದಿರಿ. ಬೇರೆಯವರ ರಿಬ್ಬನ್ ಕತ್ತರಿಸುವುದು ಬರುತ್ತದೆ, ನಮಗೆ ದಾರ ಜೋಡಿಸಿ ಕೊಡುವುದು ಬರುವುದಿಲ್ಲ!

ಸಭೆಯಿಂದ ಹೊರಬಿದ್ದ ಮೇಲೆ ನಾವು ಕಾರ್ಖಾನೆಯ ಗೇಟಿನಲ್ಲಿ ಧರಣಿ ಕೂರುವುದೆಂದು ನಿಶ್ಚಯಿಸಿದೆವು. ಕೆಲಸಗಾರರನ್ನು ಹೊತ್ತು ಬರುವ ಬಸ್ಸನ್ನು ತಡೆಯಬೇಕು ಎಂದವನು ಸಿದ್ದಲಿಂಗಪ್ಪ. ಆಗಲಿ ಎಂದವನು ನಾನು.

ಇಲ್ಲಿ ನನ್ನ ಹೆಂಡತಿ ಚಂದ್ರವ್ವನ ಮಾತು ಹೇಳಬೇಕು. ಗಂಟುಗಳು ನಿಂತ ಮೇಲೆ ಅವಳು ಘಾಟ್ಕೋಪರ್‌ನ ಗುಜರಾತಿ ಮನೆಯೊಂದರಲ್ಲಿ ಚಪಾತಿ ಮಾಡಲು ಹೋಗುತ್ತಿದ್ದಳು. ಹಾಗೆಂದು ನಾನು ತಿಳಿದಿದ್ದೆ. ಬೆಳಿಗ್ಗೆ ಬೇಗ ಬಸ್ಸು ಹಿಡಿಯುತ್ತಿದ್ದಳು, ಸಂಜೆ ದಣಿದು ಬರುತ್ತಿದ್ದಳು. ಚಪಾತಿ ಮಾಡಲು ಇಷ್ಟು ಹೊತ್ತು ಬೇಕೇ ಎಂದು ನಾನು ಕೇಳಲಿಲ್ಲ. ಸಮಿತಿಯ ಕೆಲಸದಲ್ಲಿದ್ದೆ. ಘಾಟಿನ ಎಲ್ಲರ ಮನೆಯ ಒಲೆಯ ಚಿಂತೆ ಮಾಡುತ್ತಿದ್ದ ಅಧ್ಯಕ್ಷನಿಗೆ ತನ್ನ ಮನೆಯ ಒಲೆ ಹೇಗೆ ಉರಿಯುತ್ತಿದೆ ಎಂದು ನೋಡಲು ಪುರಸೊತ್ತಿರಲಿಲ್ಲ.

ಆ ಬೆಳಿಗ್ಗೆ ಬಿಸಿಲು ಚುರುಗುಟ್ಟುತ್ತಿತ್ತು. ಬೇರೆ ಘಾಟುಗಳವರೂ ಬಂದು ಕೂಡಿದ್ದರು. ಬಸ್ಸು ಬಂದಾಗ ಎಲ್ಲರೂ ಅದರ ಮುಂದೆ ಕೂತೆವು. ಕಿಟಕಿಗಳಿಗೆ ಪರದೆ ಎಳೆದಿತ್ತು. ನನ್ನ ಕೈಯಲ್ಲಿ ಧ್ವನಿವರ್ಧಕವಿತ್ತು. ಒಳಗೆ ಕೂತವರು ನಮ್ಮ ತುತ್ತು ಕಸಿದವರು ಎಂದು ನಾನು ಹಿಂದಿಯಲ್ಲಿ ಕೂಗುತ್ತಿದ್ದೆ. ಸಿದ್ದಲಿಂಗಪ್ಪ ಬಸ್ಸಿನ ತಗಡು ಬಡಿಯುತ್ತಿದ್ದ. ಸಿಟ್ಟು ಬಂದರೆ ಅವನ ಬಾಯಲ್ಲಿ ಕನ್ನಡವೇ ಬರುವುದು.

"ಇಳೀರಿ ಕೆಳಗ! ನಮ್ಮ ಹೊಟ್ಟಿ ಮ್ಯಾಲ ಹೊಡದು ನೀವು ಉಣತೀರೇನು? ಇಳೀರಿ!"

ಬಾಗಿಲು ತೆರೆಯಿತು. ನೀಲಿ ನಿಲುವಂಗಿ ತೊಟ್ಟು, ಕೂದಲಿಗೆ ಜಾಳಿಗೆಯ ಟೊಪ್ಪಿಗೆ ಹಾಕಿಕೊಂಡ ಹೆಂಗಸೊಬ್ಬಳು ಇಳಿದಳು. ಆ ಉಡುಪಿನಲ್ಲಿ ನನಗೆ ಗುರುತು ಹತ್ತಲು ತುಸು ಹೊತ್ತು ಬೇಕಾಯಿತು. ಗುರುತು ಹತ್ತಿದ ಮೇಲೂ ನಾನು ಅರ್ಧ ವಾಕ್ಯ ಕೂಗಿಯೇಬಿಟ್ಟಿದ್ದೆ.

"ಇಳದೀನಿ," ಎಂದಳು ಚಂದ್ರವ್ವ. ಸಿದ್ದಲಿಂಗಪ್ಪನನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು. "ಮುಂದೇನು ಮಾಡಬೇಕು ಹೇಳ್ರಿ. ಮನೀಗೆ ಹೋಗಂದ್ರ ಹೋಗ್ತೀನಿ. ಸಂಜೀಕ ಒಲಿ ಮ್ಯಾಲ ಏನಿಡಲಿ, ಅದನ್ನೂ ಇಷ್ಟ ಮಂದಿ ಮುಂದ ಹೇಳಿಬಿಡ್ರಿ."

ನಾನು ಧ್ವನಿವರ್ಧಕ ಕೆಳಗಿಳಿಸಿದೆ. "ಬಸ್ಸು ಬಿಡ್ರಪ್ಪ," ಎಂದೆ. ನನ್ನ ಧ್ವನಿ ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ. ಮಂದಿ ಎದ್ದು ಬದಿಗೆ ಸರಿದರು. ಚಂದ್ರವ್ವ ಮತ್ತೆ ಹತ್ತಿದಳು. ಬಸ್ಸು ಒಳಗೆ ಹೋಯಿತು, ಗೇಟು ಮುಚ್ಚಿತು.

"ನಿನ್ನ ಹೇಣತಿ ಒಳಗ ಅದಾಳಂತ ಗೊತ್ತಿದ್ದೇ ನಮ್ಮನ್ನ ಬಿಸಲಾಗ ಕುಂಡ್ರಿಸಿದ್ಯೇನೋ ದೇವಾ?" ಎಂದ ಸಿದ್ದಲಿಂಗಪ್ಪ.

"ನನಗ ಗೊತ್ತಿರಲಿಲ್ಲೋ."

ಅವನು ನಕ್ಕ. ಯಾರೂ ನಂಬಲಿಲ್ಲ. ಗೊತ್ತಿದ್ದು ಮುಚ್ಚಿಟ್ಟಿದ್ದರೆ ನಾನು ಮೋಸಗಾರನಾಗುತ್ತಿದ್ದೆ, ಅಷ್ಟೇ. ಕಟ್ಟಿಕೊಂಡ ಹೆಂಡತಿ ಎಲ್ಲಿ ದುಡಿಯುತ್ತಾಳೆ ಎಂಬುದೇ ಗೊತ್ತಿರದ ಗಂಡ ಎಂದು ಅಷ್ಟು ಜನರ ನಡುವೆ ನಿಲ್ಲುವುದು ಅದಕ್ಕಿಂತ ಕಡೆಯಾಗಿತ್ತು. ಧರಣಿ ಅಂದೇ ಮುರಿಯಿತು. ನಾಲ್ಕು ದಿನದಲ್ಲಿ ಸಮಿತಿಯೂ ಮುರಿಯಿತು. ಮಾನ್ಯರೇ, ಲಾಠಿಯಿಲ್ಲ, ಪೊಲೀಸರಿಲ್ಲ, ತಮ್ಮ ಕಚೇರಿಯ ಒಂದು ಕಾಗದವೂ ಖರ್ಚಾಗಲಿಲ್ಲ. ನಮ್ಮ ಚಳವಳಿಯನ್ನು ಮುಗಿಸಲು ನಮ್ಮ ಮನೆಯ ಹಸಿವೇ ಸಾಕಾಯಿತು.

ಸಂಜೆ ಚಾಳಿನ ಖೋಲಿಯಲ್ಲಿ ನಾನು ಕೇಳಿದ್ದು ಒಂದೇ ಮಾತು. "ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಮೈಕ್ ಹಿಡಿತಿದ್ರೇನು?" ಎಂದಳು ಚಂದ್ರವ್ವ, ಅಕ್ಕಿ ಆರಿಸುತ್ತ. "ನೀವು ಘಾಟಿನ ಮಂದಿಗೆ ಮುಖ ತೋರಸಬೇಕು. ನಾ ಕಿರಾಣಿ ಅಂಗಡಿಯವಗ ಮುಖ ತೋರಸಬೇಕು. ಇಬ್ಬರ ಮುಖಾನೂ ಉಳೀಲಿ ಅಂತ ಸುಮ್ಮನಿದ್ನಿ."

"ಊರ ಮಂದಿ ಮುಂದ ನನ್ನ ಮಾನ ಹೋತು."

ಮಗಳು ಜ್ಯೋತ್ಸ್ನಾ ಫೋನಿನಿಂದ ತಲೆ ಎತ್ತಿದಳು. ಮನೆಮನೆಗೆ ದಿನಸಿ ಕಳಿಸುವ ಆ್ಯಪ್ ಕಂಪನಿಯ ಗೋದಾಮಿನಲ್ಲಿ ಸಾಮಾನು ಆಯ್ದು ಚೀಲಕ್ಕೆ ತುಂಬುವ ಕೆಲಸ ಅವಳದು. ಅವಳ ಕನ್ನಡ ಇಲ್ಲಿಯ ಹುಡುಗರ ಕನ್ನಡ. "ಪಪ್ಪಾ, ಮಮ್ಮಿ ಚೋರಿ ಮಾಡಿದಳಾ ಕ್ಯಾ? ಕಾಮ್ ಹೀ ತೋ ಮಾಡ್ತಾಳೆ. ಇಸ್ಮೆ ಮಾನ ಕೈಸೆ ಹೋಗ್ತದೆ?"

ನಾನು ನಾಚಿಕೆ ಬಿಟ್ಟು, ಒಳಗೆ ಯಂತ್ರ ಹೇಗಿದೆ ಎಂದು ಕೇಳಿದೆ. ಚಂದ್ರವ್ವ ಹೇಳಿದಳು. ಚಾದರಗಳು ಒಂದು ಕಡೆಯಿಂದ ಹೋಗಿ ಇನ್ನೊಂದು ಕಡೆ ಬೆಳ್ಳಗೆ ಬರುತ್ತವಂತೆ. ಅವುಗಳ ಎರಡು ತುದಿ ಹಿಡಿದು ಕೆಂಡದಂಥ ಉರುಳೆಗೆ ಕೊಡುವುದು, ಇಸ್ತ್ರಿಯಾಗಿ ಬಂದದ್ದನ್ನು ಮಡಚುವುದು ಹೆಂಗಸರ ಕೆಲಸ. "ಛಲೋ ಒಗೀತದ್ರಿ ಅದು. ಸುಳ್ಳು ಯಾಕ ಹೇಳಲಿ?" ಎಂದಳು. ಜೀವಮಾನವೆಲ್ಲ ಒಗೆದವನಿಗೆ ಆ ಮಾತು ಎಲ್ಲಿ ನಾಟಿತು ಎಂದು ತಮಗೆ ಹೇಳಿ ಪ್ರಯೋಜನವಿಲ್ಲ.

ತಮ್ಮ ವರದಿ ಇವಳನ್ನು ಸಬಲೀಕರಣಗೊಂಡ ಮಹಿಳೆ ಎಂದು ಕರೆಯುತ್ತದೆ. ಕಾರ್ಖಾನೆ ಹೆಂಗಸರನ್ನೇ ಏಕೆ ಆರಿಸಿಕೊಂಡಿತು ಎಂದು ತಾವು ಕೇಳಿದ್ದೀರಾ? ಗಂಡಸರು ಸಂಘ ಕಟ್ಟುತ್ತಾರೆ, ಹೆಂಗಸರು ಮನೆಗೆ ಓಡುವ ಅವಸರದಲ್ಲಿರುತ್ತಾರೆ ಎಂದು ಅಲ್ಲಿಯ ಸೂಪರ್‌ವೈಜರ್ ಬಾಯಿಬಿಟ್ಟೇ ಹೇಳಿದ್ದಾನೆ. ನೇಮಕಾತಿ ಪತ್ರ ಇವಳ ಕೈಗೆ ಬಂದಿಲ್ಲ. ಇವಳು ಕಾರ್ಖಾನೆಯ ಕೆಲಸಗಾರ್ತಿಯೇ ಅಲ್ಲವಂತೆ, ಗುತ್ತಿಗೆದಾರನ ಕೆಲಸಗಾರ್ತಿಯಂತೆ. ರಿಬ್ಬನ್ ಕತ್ತರಿಸಿದ ದಿನ ಭಾಷಣದಲ್ಲಿ ತಾವು ಎಣಿಸಿದ ಉದ್ಯೋಗಗಳಲ್ಲಿ ಇವಳದೂ ಒಂದು. ಕೈ ಉರುಳೆಗೆ ತಾಗಿ ಸುಟ್ಟರೆ ಮಾತ್ರ ಇವಳು ಯಾರವಳೂ ಅಲ್ಲ.

ನಾನೂ ಅಲ್ಲಿಗೆ ಕೆಲಸ ಕೇಳಿಕೊಂಡು ಹೋದೆ. ಹೌದು, ಧ್ವನಿವರ್ಧಕ ಹಿಡಿದು ನಿಂತಿದ್ದ ಅದೇ ಗೇಟಿಗೆ. ನನಗಾಗಿ ಚಂದ್ರವ್ವ ಸೂಪರ್‌ವೈಜರನ ಮುಂದೆ ನಿಂತು ಬೇಡಿಕೊಳ್ಳುವುದನ್ನು ಗಾಜಿನ ಈಚೆಯಿಂದ ನೋಡಿದೆ. ಗಂಡಸರಿಗೆ ಹೇರುವ ಇಳಿಸುವ ಕೆಲಸ ಮಾತ್ರ, ಅದಕ್ಕೂ ವಯಸ್ಸು ಮೀರಿದೆ ಎಂದರು. ಕಡೆಗೆ ಏಜೆನ್ಸಿಯೊಂದರ ಮೂಲಕ ಘಾಟ್ಕೋಪರ್‌ನ ಹೌಸಿಂಗ್ ಸೊಸೈಟಿಯಲ್ಲಿ ವಾಚ್‌ಮನ್ ಆದೆ. ತಮ್ಮ ಚಿತ್ರದ ಪ್ರಕಾರ ನಾನೀಗ ಸೇವಾ ವಲಯ. ಹೆಂಡತಿ ಕೈಗಾರಿಕೆ. ಮಗಳಿಗೆ ಏನು ಹೆಸರಿಟ್ಟಿದ್ದೀರೋ ನನಗೆ ತಿಳಿಯದು. ಒಂದೇ ಖೋಲಿಯಲ್ಲಿ ದೇಶದ ಆರ್ಥಿಕತೆ ಪೂರ್ತಿ ಮಲಗುತ್ತದೆ, ಕಾಲು ಚಾಚಲು ಜಾಗವಿಲ್ಲ ಅಷ್ಟೇ.

ಒಂದು ಮಧ್ಯಾಹ್ನ ಸೊಸೈಟಿಯ ಗೇಟಿಗೆ ಸ್ಕೂಟರಿನಲ್ಲಿ ಒಬ್ಬ ಬಂದ. ಬಟ್ಟೆ ಒಗೆಸುವ ಆ್ಯಪಿನವನು. ಮೈಮೇಲೆ ಕಂಪನಿಯ ಟೀ ಶರ್ಟು, ಬೆನ್ನಿಗೆ ದೊಡ್ಡ ಚೀಲ. ಮನೆಗಳಿಂದ ಬಟ್ಟೆ ಎತ್ತಿಕೊಂಡು ಅದೇ ಸಾಕಿನಾಕಾದ ಕಾರ್ಖಾನೆಗೆ ಮುಟ್ಟಿಸುವವರು ಇವರು. ಹೆಲ್ಮೆಟ್ ತೆಗೆದಾಗ ನೋಡಿದರೆ ಸಿದ್ದಲಿಂಗಪ್ಪ.

ಧರಣಿಯ ದಿನದಿಂದ ನಾವು ಮಾತಾಡಿರಲಿಲ್ಲ. ಅವನು ನನ್ನ ಸೀಟಿ, ಟೊಪ್ಪಿಗೆ ನೋಡಿದ. ನಾನು ಅವನ ಚೀಲ ನೋಡಿದೆ. ಸಮಿತಿಯ ಅಧ್ಯಕ್ಷ, ಕಾರ್ಯದರ್ಶಿ ಇಬ್ಬರೂ ಹಾಜರು. ಕೋರಂ ತುಂಬಿತ್ತು.

"ಯಾವ ಮಜಲಿಗೆ?" ಎಂದೆ, ಕೇಳಲೇಬೇಕಾದದ್ದು ಅದು.

"ಏಳನೇದು."

ಅವನು ಎದುರಿನ ಲಿಫ್ಟಿನ ಕಡೆ ನಡೆದ. ಮೇಲೆ ಕ್ಯಾಮೆರಾ ಇತ್ತು. ನಾನು ಹೇಳಲೇಬೇಕಾಯಿತು. "ಸಿದ್ದಾ, ಅದರಾಗ ಬ್ಯಾಡಪ್ಪ. ನಿಮ್ಮಂಥವರಿಗೆ ಹಿಂದಿನ ಲಿಫ್ಟು."

ನಿಮ್ಮಂಥವರಿಗೆ ಎಂದೆ. ಅವನು ಹಿಂದಿನ ಲಿಫ್ಟಿನ ಕಡೆ ತಿರುಗಿದ. ಇಳಿದು ಬಂದ ಮೇಲೆ ಚೀಲವನ್ನು ಸ್ಕೂಟರಿಗೆ ಬಿಗಿಯುತ್ತ, ನನ್ನ ಕಡೆ ಬೆನ್ನು ಮಾಡಿಯೇ ಕೇಳಿದ.

"ಚಂದ್ರವ್ವ ವೈನಿ ಹ್ಯಾಂಗದಾರ?"

"ಅದಾಳ. ಹೋಗ್ತಾಳ ಕೆಲಸಕ್ಕ."

"ಒಂದ ಮಾತು ಕೇಳಲ್ಯಾ ದೇವಾ? ಸಿಟ್ಟ ಮಾಡಬ್ಯಾಡ." ಬಿಗಿದ ಹಗ್ಗವನ್ನು ಬಿಚ್ಚಿ ಮತ್ತೆ ಬಿಗಿದ. "ನಮ್ಮ ಮನಿಯಾಕಿ ಶರಣವ್ವಗೂ ಅಲ್ಲೇ ಕೆಲಸಕ್ಕ ಹಚ್ಚಿ ಕೊಡಾಕ ಆಗತದೇನು ಅಂತ ವೈನಿಗೆ ಕೇಳು. ಇದರಾಗ ಪೆಟ್ರೋಲಿಗೇ ಎಲ್ಲಾ ಹೋಗತೈತಿ."

ಬಸ್ಸಿನ ತಗಡು ಬಡಿದ ಕೈ ಅದು. ಅವನಿಗೆ ನನ್ನ ಮುಖ ನೋಡಲಾಗಲಿಲ್ಲ, ನನಗೆ ಅವನ ಮುಖ ನೋಡಲಾಗಲಿಲ್ಲ. ಕೇಳುತ್ತೇನೆ ಎಂದೆ.

ಚಂದ್ರವ್ವ ಮರುದಿನವೇ ಕೇಳಿದಳು. ಹೊಸಬರನ್ನು ತಗೊಳ್ಳುವುದು ದೂರದ ಮಾತು, ಬರುವ ತಿಂಗಳು ಮಡಚುವ ಯಂತ್ರ ಬರುತ್ತದೆ, ಇರುವವರಲ್ಲೇ ಅರ್ಧ ಮಂದಿ ಸಾಕು ಎಂದು ಸೂಪರ್‌ವೈಜರ್ ಹೇಳಿದನಂತೆ. ಯಾವ ಅರ್ಧ ಎಂದು ಇನ್ನೂ ಹೇಳಿಲ್ಲ. ಅದು ಗೊತ್ತಾಗುವವರೆಗೆ ಎಲ್ಲರೂ ತಲೆ ತಗ್ಗಿಸಿ ದುಡಿಯುತ್ತಾರೆ. ಒಬ್ಬರ ಕೈ ನಿಧಾನವಾದರೆ ಪಕ್ಕದವಳಿಗೆ ಒಳಗೊಳಗೇ ಹಿಗ್ಗು. ಸಂಜೆ ಬಸ್ಸಿನಲ್ಲಿ ಮೊದಲಿನಂತೆ ಯಾರೂ ಮಾತಾಡುವುದಿಲ್ಲವಂತೆ. ಘಾಟಿನಲ್ಲಿ ನಮಗಾದದ್ದು ಈಗ ಅವರ ಸಾಲಿನಲ್ಲಿ ಸುರುವಾಗಿದೆ.

ಮಾನ್ಯರೇ, ಯಂತ್ರ ಬರಲಿ, ಬರಬಾರದು ಎನ್ನಲು ನಾನು ಯಾರು? ಆದರೆ ಅದು ಬರುವಾಗಲೆಲ್ಲ ತಲೆ ತಗ್ಗಿಸಬೇಕಾದವರು ನಾವೇ ಯಾಕೆ? ಕೆಲಸ ಕಳೆದುಕೊಂಡ ನನಗೆ ನಾಚಿಕೆ. ಕೆಲಸ ಕೇಳಿದ ಸಿದ್ದಲಿಂಗಪ್ಪನಿಗೆ ನಾಚಿಕೆ. ಮುಖ ನೋಡದೆ ಮಾತಾಡಿದ ಅನಿಲಕುಮಾರರಿಗೂ ನಾಚಿಕೆಯೇ ಆಗಿತ್ತು, ನನಗೆ ಗೊತ್ತು. ಕಾರ್ಖಾನೆಗೆ ಜಾಗ ಕೊಟ್ಟವರು, ತೆರಿಗೆ ಬಿಟ್ಟವರು, ಸಹಿ ಹಾಕಿದವರು ಮಾತ್ರ ಫೋಟೋದಲ್ಲಿ ನಗುತ್ತಿದ್ದಾರೆ. ಇಷ್ಟು ಜನರ ಪಾಲಿನ ನಾಚಿಕೆಯಲ್ಲಿ ತಮ್ಮ ಪಾಲು ಎಷ್ಟು ಎಂದು ಒಮ್ಮೆಯಾದರೂ ಯೋಚಿಸಿದ್ದೀರಾ?

ಈ ಪತ್ರವನ್ನು ಪತ್ರಿಕೆಗೆ ಕಳಿಸುವ ಮೊದಲು ಚಂದ್ರವ್ವನಿಗೆ ಓದಿ ಹೇಳಿದೆ. ಅವಳಿಗೆ ಓದು ಬಾರದು, ಆದರೆ ಪೂರ್ತಿ ಕೇಳಿದಳು.

"ಎಲ್ಲಾ ಖರೇನ ಬರದೀರಿ," ಎಂದಳು. "ಆದ್ರ ನಾಚಿಕಿ ನಾಚಿಕಿ ಅಂತ ಬರದೀರಲ್ಲ, ಅದರಾಗ ನನ್ನ ಸೇರಸಬ್ಯಾಡ್ರಿ. ನನಗ ಯಾವ ನಾಚಿಕಿನೂ ಆಗಿಲ್ಲ. ನಾ ದುಡಿಯಾಕ ಹೋಗಿದ್ನಿ."

"ಮತ್ತ ನಿನ್ನ ಪರವಾಗಿ ಏನು ಬರೀಲಿ?"

ಅವಳು ಬಹಳ ಹೊತ್ತು ಯೋಚಿಸಲಿಲ್ಲ. "ಮಡಚೂ ಮಷೀನು ಬರೂಕಿಂತ ಮೊದಲ ಬಂದು ನಮ್ಮ ಜೋಡಿ ಕುಂತು ಮಾತಾಡ್ರಿ ಅಂತ ಬರೀರಿ. ಬಂದ ಮ್ಯಾಲ ಅಲ್ಲ. ಬಂದ ಮ್ಯಾಲ ಎಲ್ಲಾರೂ ಚಾ ಕೊಡ್ತಾರ."

ಆದ್ದರಿಂದ ಇದು ನಮ್ಮ ಬೇಡಿಕೆ. ಯಾವ ಯಂತ್ರಕ್ಕೂ ತಮ್ಮ ಸಹಿ ಬೀಳುವ ಮೊದಲು, ಅದು ಯಾರನ್ನು ಕೆಲಸದಿಂದ ಎಬ್ಬಿಸುತ್ತದೆಯೋ ಅವರನ್ನು ಕರೆದು ಕೂರಿಸಿ. ಎಬ್ಬಿಸಲ್ಪಟ್ಟವರಿಗೆ, ಗಂಡಸಿರಲಿ ಹೆಂಗಸಿರಲಿ, ಅಲ್ಲಿಯ ಕೆಲಸದಲ್ಲಿ ಮೊದಲ ಹಕ್ಕು ಕೊಡಿ. ಅದು ಗುತ್ತಿಗೆದಾರನ ದಯೆಯಾಗಿರಬಾರದು, ಕಾರ್ಖಾನೆಯ ನೇಮಕಾತಿ ಪತ್ರವಾಗಿರಬೇಕು. ಸಾಕಿನಾಕಾದ ಆ ಕಾರ್ಖಾನೆಗೆ ಮಡಚುವ ಯಂತ್ರ ಬರುವ ಮೊದಲು ತಾವೇ ಬನ್ನಿ. ಹೆಂಗಸರು ಊಟಕ್ಕೆ ಕೂರುವ ಹೊತ್ತಿಗೆ ಬನ್ನಿ, ಆಗ ಮಾತ್ರ ಅವರಿಗೆ ಬಿಡುವು. ನಾನು ಗೇಟಿನ ಹೊರಗೇ ಇರುತ್ತೇನೆ. ಮಾತಾಡುವುದು ಅವರು.

ಇಂತಿ,

ಚಂದ್ರವ್ವನ ಗಂಡ
ದೇವಾನಂದ ರಾಮಪ್ಪ ಮಡಿವಾಳರ
ವಾಕೋಲಾ, ಸಾಂತಾಕ್ರೂಜ್ ಪೂರ್ವ